ಪೇಟೆಯಲ್ಲಿ ಮಧ್ಯಾಹ್ನದ ಊಟ

ಹೊತ್ತು ನೆತ್ತಿಗೇರಿದ ಮೇಲೆ ಇಬ್ಬರು ಪರಿಚಿತರು ಎದುರಾದರೆ ನಮ್ಮ ಕಡೆಯಲ್ಲಿ ಬಾಯಿಗೆ ಬರುವ ಮೊದಲ ಮಾತು ‘ಊಟ ಆಯಿತೇನ್ರಿ?’ ಎಂಬುದು. ಇದು ಪ್ರಶ್ನೆಯೂ ಹೌದು, ನಮಸ್ಕಾರವೂ ಹೌದು. ಹಳ್ಳಿಯಲ್ಲಿ, ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತವರು ಕೇಳಿದರೆ ಇದಕ್ಕೆ ಉತ್ತರ ಹೇಳುವುದು ಸುಲಭ. ಆಗಿಲ್ಲವೆಂದರೆ ಒಳಗೆ ಕರೆಯುವವರಿದ್ದಾರೆ. ಅದೇ ಪ್ರಶ್ನೆಯನ್ನು ಪೇಟೆಯ ನಡುವೆ, ತಹಸೀಲು ಕಚೇರಿಯ ಬೇವಿನ ಮರದಡಿಯಲ್ಲಿ, ಕೈಯಲ್ಲಿ ಕಾಗದಗಳ ಚೀಲ ಹಿಡಿದು ನಿಂತ ರೈತನಿಗೆ ಕೇಳಿ ನೋಡಿ. ಅವನು ಮೊದಲು ಜೇಬು ಮುಟ್ಟಿ ನೋಡಿಕೊಳ್ಳುತ್ತಾನೆ, ಆಮೇಲೆ ಬಿಸಿಲನ್ನು ನೋಡುತ್ತಾನೆ, ಕೊನೆಗೆ ‘ಆಗ್ತದ ಬಿಡ್ರಿ’ ಎನ್ನುತ್ತಾನೆ. ಆಗುತ್ತದೆಯೆ, ಎಲ್ಲಿ ಆಗುತ್ತದೆ, ಎಷ್ಟಕ್ಕೆ ಆಗುತ್ತದೆ ಎಂಬುದೇ ಈ ಹೊತ್ತಿನ ನನ್ನ ವಿಷಯ.

ಸಾಹಿತ್ಯದ ಅಭಿರುಚಿಯುಳ್ಳ ನಿಮ್ಮಂಥವರ ಮುಂದೆ ಅಗ್ಗದ ಊಟದ ಮಾತನ್ನು ಎತ್ತುವುದು ತಕ್ಕುದೆ ಎಂದು ಕೆಲವರಿಗೆ ತೋರಬಹುದು. ನಮ್ಮ ಹಿರಿಯರು ಹಾಗೆ ಎಣಿಸಲಿಲ್ಲ. ಹತ್ತನೆಯ ಶತಮಾನದ ‘ವಡ್ಡಾರಾಧನೆ’ಯಲ್ಲಿ ಇಡ್ಡಲಿಗೆಯ ಹೆಸರು ಬರುತ್ತದೆ. ಕಲ್ಯಾಣದ ಚಾಲುಕ್ಯರ ಕಾಲದ ಎರಡನೆಯ ಚಾವುಂಡರಾಯನು ಸುಮಾರು 1025ರಲ್ಲಿ ಬರೆದ ‘ಲೋಕೋಪಕಾರ’ದಲ್ಲಿ ಜ್ಯೋತಿಷ, ವಾಸ್ತು, ವೈದ್ಯಗಳ ಜೊತೆಗೆ ಅಡುಗೆಗೂ ಒಂದು ಪ್ರಕರಣ ಮೀಸಲು. ಲೋಕಕ್ಕೆ ಉಪಕಾರವಾಗುವ ಸಂಗತಿಗಳಲ್ಲಿ ಅಡುಗೆಯೂ ಒಂದೆಂದು ಆ ಕವಿ ಬಗೆದಿದ್ದನು. ನಾವೂ ಅವನನ್ನು ನೆನೆದು ಮುಂದುವರಿಯೋಣ.

ನಾನು ಆರಿಸಿಕೊಂಡಿರುವುದು ಬೀದರ ಜಿಲ್ಲೆಯ ಎರಡು ಊರುಗಳನ್ನು: ಬಸವಕಲ್ಯಾಣ ಮತ್ತು ಹುಮನಾಬಾದ. ಇವು ಮಹಾನಗರಗಳಲ್ಲ. ಆದರೆ ಮಧ್ಯಾಹ್ನ ಹನ್ನೆರಡರಿಂದ ಎರಡರವರೆಗೆ ಇವುಗಳ ಪೇಟೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹುಮನಾಬಾದ ಎಂಬುದು ದಾರಿಗಳು ಕೂಡುವ ಊರು. ಪುಣೆಯಿಂದ ಸೊಲ್ಲಾಪುರದ ಮೇಲೆ ಹೈದರಾಬಾದಿಗೆ ಹೋಗುವ ಹೆದ್ದಾರಿಯನ್ನು ಬೀದರದಿಂದ ಕಲಬುರಗಿಗೆ ಹೋಗುವ ರಸ್ತೆ ಅಡ್ಡ ಹಾಯುವುದು ಇಲ್ಲಿಯೇ. 2017ರ ಅಕ್ಟೋಬರಿನಲ್ಲಿ ಬೀದರ–ಕಲಬುರಗಿ ರೈಲು ಮಾರ್ಗವೂ ಪೂರ್ಣವಾಗಿ ತೆರೆಯಿತು. ಊರ ಹೊರಗೆ ಕೈಗಾರಿಕಾ ಪ್ರದೇಶವಿದೆ. ಅಲ್ಲಿಯ ಕಾರ್ಖಾನೆಗಳಿಗೆ ಹತ್ತಿರದ ಹಳ್ಳಿಗಳಿಂದಲೂ ದೂರದ ರಾಜ್ಯಗಳಿಂದಲೂ ಬಂದ ದುಡಿಮೆಗಾರರಿದ್ದಾರೆ. ಬಸವಕಲ್ಯಾಣ ಹೆದ್ದಾರಿಯಿಂದ ತುಸು ಒಳಗೆ. ಸಸ್ತಾಪುರ ಬಂಗ್ಲಾದಲ್ಲಿ ಬಸ್ಸು ತಿರುಗಿದರೆ ಊರು ಸಿಕ್ಕುತ್ತದೆ. ಅಲ್ಲಿ ಲಾರಿಗಳ ದುರಸ್ತಿಯ ಆಟೋನಗರವಿದೆ, ಕೋಟೆಯಿದೆ, ಶರಣರ ಹೆಸರಿನ ಸ್ಥಳಗಳನ್ನು ನೋಡಲು ಬರುವ ಯಾತ್ರಿಕರ ಸಾಲಿದೆ. 2018ರಲ್ಲಿ ಹುಲಸೂರು, ಚಿಟಗುಪ್ಪಗಳು ಬೇರೆ ತಾಲ್ಲೂಕುಗಳಾದ ಮೇಲೂ, ಆಸ್ಪತ್ರೆಗೆ, ಕೋರ್ಟಿಗೆ, ಕಾಲೇಜಿಗೆ, ಸಂತೆಗೆ ಎಂದು ಸುತ್ತಲಿನ ಹಳ್ಳಿಗಳ ಜನ ಈ ಎರಡು ಊರುಗಳಿಗೆ ಬರುವುದು ನಿಂತಿಲ್ಲ. ಬಂದವರಿಗೆಲ್ಲ ಒಂದೇ ಹೊತ್ತಿಗೆ ಹಸಿವೆಯಾಗುತ್ತದೆ.

ಈ ಹಸಿವೆಗೆ ಕಲ್ಯಾಣದ ನೆಲದಲ್ಲಿ ದೊಡ್ಡ ಚರಿತ್ರೆಯಿದೆ. ಹನ್ನೊಂದನೆಯ ಶತಮಾನದ ನಡುಭಾಗದಲ್ಲಿ ಒಂದನೆಯ ಸೋಮೇಶ್ವರನು ಮಾನ್ಯಖೇಟದಿಂದ ತನ್ನ ರಾಜಧಾನಿಯನ್ನು ಇಲ್ಲಿಗೆ ತಂದನು. ಅದೇ ವಂಶದ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವೆಂಬ ಮಹಾಗ್ರಂಥವನ್ನು ಸಂಕಲಿಸಿದನು. ನೂರು ಅಧ್ಯಾಯಗಳ ಆ ಗ್ರಂಥದಲ್ಲಿ ಅನ್ನಭೋಗವೆಂಬುದೇ ಒಂದು ವಿಷಯ. ಅಕ್ಕಿಯ ಬಗೆಗಳು, ಉದ್ದಿನ ಹಿಟ್ಟಿನ ಇಡ್ಡರಿಕೆ, ದೋಸೆ, ಮಂಡಿಗೆ, ಪೂರಿ, ವಡೆ, ಬಗೆಬಗೆಯ ಮಾಂಸದ ಅಡುಗೆ, ಮಜ್ಜಿಗೆ, ಪಾನಕ ಎಲ್ಲವೂ ಅಲ್ಲಿವೆ. ಎಂಟು ಒಂಬತ್ತು ನೂರು ವರ್ಷಗಳ ಹಿಂದೆ ಕಲ್ಯಾಣದ ಅರಮನೆಯಲ್ಲಿ ಏನು ಬಡಿಸುತ್ತಿದ್ದರು ಎಂಬುದನ್ನು ನಾವು ಇಷ್ಟು ವಿವರವಾಗಿ ತಿಳಿದಿದ್ದೇವೆ. ಅದೇ ಹೊತ್ತಿನಲ್ಲಿ ಅರಮನೆಗೆ ಕಟ್ಟಿಗೆ ಹೊತ್ತು ತಂದವನು ಮಧ್ಯಾಹ್ನ ಏನು ಉಂಡನು ಎಂಬುದನ್ನು ಆ ರಾಜಗ್ರಂಥ ಹೇಳುವುದಿಲ್ಲ. ಹೇಳುವುದು ಅದರ ಉದ್ದೇಶವೂ ಆಗಿರಲಿಲ್ಲ.

ಆ ಸುದ್ದಿ ತಿಳಿಯಬೇಕಾದರೆ ಕೆಲವೇ ದಶಕಗಳು ಕಾಯಬೇಕು. ಚಾಲುಕ್ಯರ ಕೈಯಿಂದ ಅಧಿಕಾರ ಕಳಚುರಿ ಬಿಜ್ಜಳನ ಕೈಗೆ ಬಂದ ಕಾಲಕ್ಕೆ ಬಸವಣ್ಣನವರ ಮಹಾಮನೆ ಇದೇ ಊರಿನಲ್ಲಿ ತೆರೆದುಕೊಂಡಿತು. ಅಲ್ಲಿ ನಿತ್ಯವೂ ಉಣ್ಣುತ್ತಿದ್ದ ಜಂಗಮರ ಸಂಖ್ಯೆಯನ್ನು ಪರಂಪರೆ ಒಂದು ಲಕ್ಷದ ತೊಂಬತ್ತಾರು ಸಾವಿರ ಎನ್ನುತ್ತದೆ. ಈ ಲೆಕ್ಕವನ್ನು ಅಕ್ಷರಶಃ ಹಿಡಿಯಬೇಕಾದುದಿಲ್ಲ. ಬಂದವರನ್ನು ಎಣಿಸದ ಮನೆ ಅದು ಎಂದು ತಿಳಿದರೆ ಸಾಕು. ಶರಣರ ಕಥೆಗಳಲ್ಲಿ ಕಟ್ಟಿಗೆ ಮಾರುವವನ ಊಟದ ಸುದ್ದಿಯೂ ಇದೆ. ಮೋಳಿಗೆ ಮಾರಯ್ಯನು ಕಟ್ಟಿಗೆ ಮಾರಿ ಬಂದ ಹಣದಲ್ಲಿ ಜಂಗಮರಿಗೆ ಅಂಬಲಿ ಎರೆಯುತ್ತಿದ್ದನು. ಮಂತ್ರಿಯಾಗಿದ್ದ ಬಸವಣ್ಣನವರು ಗುರುತು ಮರೆಸಿಕೊಂಡು ಹೋಗಿ ಆ ಅಂಬಲಿಯನ್ನು ಕುಡಿದು, ಬರುವಾಗ ಗುಟ್ಟಾಗಿ ಹೊನ್ನನ್ನು ಇಟ್ಟು ಬಂದರಂತೆ. ಮಾರಯ್ಯ ಅದನ್ನು ತನ್ನದಾಗಿ ಇಟ್ಟುಕೊಳ್ಳಲಿಲ್ಲ. ಬಿದ್ದ ಅಕ್ಕಿಯನ್ನು ಆಯ್ದು ತರುವುದನ್ನೇ ಕಾಯಕ ಮಾಡಿಕೊಂಡಿದ್ದ ಆಯ್ದಕ್ಕಿ ಮಾರಯ್ಯನು ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಹೆಂಡತಿ ಲಕ್ಕಮ್ಮ ಹಿಂದಕ್ಕೆ ಕಳುಹಿಸಿದಳು.

ಈ ಕಥೆಗಳನ್ನು ನೆನೆದದ್ದು ಭಕ್ತಿಗಾಗಿ ಮಾತ್ರವಲ್ಲ. ದಾಸೋಹವೆಂದರೆ ಧರ್ಮಕ್ಕೆ ಹಾಕುವ ಕೂಳು ಎಂಬ ತಪ್ಪು ತಿಳಿವಳಿಕೆ ಇಂದಿಗೂ ಇದೆ. ಇಕ್ಕುವವನು ದುಡಿದು ಇಕ್ಕಬೇಕು, ಉಣ್ಣುವವನು ದೈನ್ಯವಿಲ್ಲದೆ ಉಣ್ಣಬೇಕು. ಎರಡೂ ಸೇರಿದರೆ ದಾಸೋಹ. ಅಗ್ಗದ ಊಟದ ಪ್ರಶ್ನೆ ಇಂದು ಸಿಕ್ಕಿಹಾಕಿಕೊಳ್ಳುವುದು ಈ ಎರಡನೆಯ ಮಾತಿನಲ್ಲಿ. ಕಡಿಮೆ ಬೆಲೆಗೆ ಹೊಟ್ಟೆ ತುಂಬಿಸುವುದು ಅಷ್ಟು ಕಷ್ಟವಲ್ಲ. ಮುಖ ಬಾಡಿಸದೆ ತುಂಬಿಸುವುದು ಕಷ್ಟ.

ಈಗ ಪೇಟೆಗೆ ಬರೋಣ. ಕಾಸಿಲ್ಲದೆ ಊಟ ಸಿಕ್ಕುವ ಸ್ಥಳಗಳು ನಮ್ಮ ಭಾಗದಲ್ಲಿ ಇಂದಿಗೂ ಉಂಟು. ಹುಮನಾಬಾದದ ಮಗ್ಗುಲಲ್ಲೇ ಮಾಣಿಕನಗರವಿದೆ. ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿ 1865ರಲ್ಲಿ ಸಮಾಧಿ ಹೊಂದಿದ ಮಾಣಿಕಪ್ರಭುಗಳ ಸಂಸ್ಥಾನ ಅದು. ಎಲ್ಲ ಮತಗಳೂ ಸತ್ಯವೆಂಬ ಸಕಲಮತ ಸಂಪ್ರದಾಯ ಅವರದು. ಅಲ್ಲಿಯ ಅಡುಗೆ ಮನೆಗೆ ಭಂಡಾರಖಾನೆ ಎಂದು ಹೆಸರು. ಕಲಬುರಗಿಯಲ್ಲಿ ಶರಣಬಸವೇಶ್ವರರ ದಾಸೋಹ ಮಹಾಮನೆ, ಬೀದರದ ನಾನಕ ಝೀರಾ ಗುರುದ್ವಾರದಲ್ಲಿ ಲಂಗರು, ದರ್ಗಾಗಳಲ್ಲಿ ಉರುಸಿನ ದಿನಗಳ ಅನ್ನ. ಹೀಗೆ ಒಂದೇ ನೆಲದಲ್ಲಿ ಮೂರು ನಾಲ್ಕು ಹೆಸರುಗಳಿಂದ ಒಂದೇ ಕೆಲಸ ನಡೆದಿದೆ. ಸಾಲಿನಲ್ಲಿ ಕುಳಿತವನ ಪಕ್ಕದವನು ಯಾರೆಂದು ಕೇಳದಿರುವುದು ಇವುಗಳ ದೊಡ್ಡ ಗುಣ.

ಆದರೆ ತಹಸೀಲು ಕಚೇರಿಗೆ ಬಂದವನು ದಿನವೂ ಗುಡಿಗೆ ಹೋಗಿ ಉಣ್ಣಲಾರ. ದೂರ ಒಂದು ಕಾರಣ. ಸರದಿಯ ಕರೆ ಯಾವಾಗ ಬರುವುದೋ ಎಂಬ ಅಂಜಿಕೆ ಇನ್ನೊಂದು. ಮೂರನೆಯದು ಮನಸ್ಸಿನದು. ಯಾತ್ರೆಗೆ ಬಂದಾಗ ಪ್ರಸಾದವೆಂದು ಕೈಯೊಡ್ಡುವ ಮನುಷ್ಯನೇ ಕೆಲಸಕ್ಕೆ ಬಂದಾಗ ಪುಕ್ಕಟೆ ಊಟಕ್ಕೆ ಹಿಂಜರಿಯುತ್ತಾನೆ. ‘ಕೊಟ್ಟು ಉಣಬೇಕ್ರಿ’ ಎನ್ನುತ್ತಾನೆ. ಅವನು ಕೇಳುವುದು ತನ್ನ ಜೇಬಿಗೆ ಎಟುಕುವ ಬೆಲೆಯನ್ನು. ದಾನವನ್ನು ಅವನು ಕೇಳುವುದಿಲ್ಲ. ಕಾಯಕದ ನಾಡಿನಲ್ಲಿ ಹುಟ್ಟಿದ ಈ ಸ್ವಭಾವವನ್ನು ನಾವು ಗೌರವಿಸಬೇಕು.

ಕೊಟ್ಟು ಉಣ್ಣುವ ಸ್ಥಳವೆಂದರೆ ಖಾನಾವಳಿ. ಮರಾಠಿಯ ದಾರಿಯಿಂದ ನಮ್ಮ ಮಾತಿಗೆ ಬಂದ ಈ ಶಬ್ದ ಉತ್ತರ ಕರ್ನಾಟಕದಲ್ಲಿ ಅಚ್ಚ ಕನ್ನಡವಾಗಿಬಿಟ್ಟಿದೆ. ಹೋಟೆಲು ಚಹಾ ತಿಂಡಿಗೆ, ಢಾಬಾ ಹೆದ್ದಾರಿಯ ಲಾರಿಯವರಿಗೆ, ಖಾನಾವಳಿ ಊಟಕ್ಕೆ ಎಂಬ ವಿಂಗಡಣೆ ಜನರ ಮನಸ್ಸಿನಲ್ಲಿದೆ. ಒಂದು ಕಾಲಕ್ಕೆ ಅನ್ನ ಮಾರುವುದೇ ಪಾಪವೆಂದು ಬಗೆದಿದ್ದ ಸಮಾಜ ನಮ್ಮದು. ಪರಸ್ಥಳಕ್ಕೆ ಹೊರಟವನು ಬುತ್ತಿ ಕಟ್ಟಿಕೊಂಡು ಹೊರಡಬೇಕು, ಇಲ್ಲವೆ ಬೀಗರ ಮನೆಗೆ ಹೋಗಬೇಕು. ಕಚೇರಿ, ಕೋರ್ಟು, ಶಾಲೆಗಳು ಬೆಳೆದು, ಬೀಗರಿಲ್ಲದ ಊರಿನಲ್ಲಿ ದಿನ ಕಳೆಯಬೇಕಾದವರು ಹೆಚ್ಚಿದಾಗ ಖಾನಾವಳಿ ಹುಟ್ಟಿತು. ಮೊದಮೊದಲಿಗೆ ಅದೂ ಜಾತಿಯ ಹೆಸರನ್ನು ಹಲಗೆಯ ಮೇಲೆ ಬರೆದುಕೊಂಡೇ ಹುಟ್ಟಿತು. ಯಾರು ಒಳಗೆ ಬರಬಹುದು, ಯಾರಿಗೆ ಹೊರಗೆ ನಿಲ್ಲಿಸಿ ಕೊಡಬೇಕು ಎಂಬ ಕಟ್ಟುಪಾಡು ನಾಡಿನ ಉದ್ದಕ್ಕೂ ಇತ್ತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ ಹದಿನೈದನೆಯ ಅನುಚ್ಛೇದವು ಅಂಗಡಿ, ಉಪಹಾರಗೃಹ, ಹೋಟೆಲುಗಳ ಹೆಸರನ್ನೇ ಎತ್ತಿ, ಜಾತಿಯ ಕಾರಣದಿಂದ ಅಲ್ಲಿ ಯಾರನ್ನೂ ತಡೆಯಬಾರದು ಎಂದು ವಿಧಿಸಿತು. 1955ರ ಅಸ್ಪೃಶ್ಯತೆ ಅಪರಾಧಗಳ ಕಾಯಿದೆ ಅದಕ್ಕೆ ಶಿಕ್ಷೆಯ ಬಲ ಕೊಟ್ಟಿತು. ದೇಶದ ಮೂಲ ಶಾಸನವೊಂದು ಖಾನಾವಳಿಯ ಬಾಗಿಲವರೆಗೆ ಬಂದು ಮಾತಾಡಿತೆಂದರೆ ಆ ಬಾಗಿಲು ಎಷ್ಟು ಬಿಗಿಯಾಗಿದ್ದಿರಬೇಕು! ಬೇರೆ ಬೇರೆ ಜಾತಿಯವರು ಒಂದೇ ಪಂಕ್ತಿಯಲ್ಲಿ ಕುಳಿತದ್ದಕ್ಕಾಗಿ, ಬೀಗತನ ಬೆಳೆಸಿದ್ದಕ್ಕಾಗಿ ಹನ್ನೆರಡನೆಯ ಶತಮಾನದ ಕಲ್ಯಾಣ ರಕ್ತ ಕಂಡಿತ್ತು. ಎಂಟು ಶತಮಾನಗಳ ನಂತರವೂ ಅದೇ ಮಾತನ್ನು ಕಾಯಿದೆಯ ಮೂಲಕ ಹೇಳಬೇಕಾಯಿತು.

ಇಂದು ಬಸ್ ನಿಲ್ದಾಣದ ಬಳಿಯ ಖಾನಾವಳಿಯಲ್ಲಿ ಎದುರಿಗೆ ಕುಳಿತವನ ಕುಲವನ್ನು ಯಾರೂ ಕೇಳುವುದಿಲ್ಲ. ಅಲ್ಲಿ ಕೇಳುವುದು ‘ರೊಟ್ಟಿ ಎಷ್ಟು?’ ಎಂದು. ಇದು ಸಣ್ಣ ಗೆಲುವಲ್ಲ. ಅಗ್ಗದ ಊಟದ ಅಂಗಡಿ ಈ ಕೆಲಸವನ್ನು ದೊಡ್ಡ ಮಾತಿಲ್ಲದೆ ಮಾಡಿದೆ. ನಾಲ್ಕು ಮೇಜುಗಳ ಅಂಗಡಿಯಲ್ಲಿ ನಲವತ್ತು ಜನ ಕಾದು ನಿಂತಾಗ ಮಡಿಯನ್ನು ಕಾಯಲು ಜಾಗವಿರುವುದಿಲ್ಲ.

ಇನ್ನು ಬೆಲೆಯ ಮಾತು. ಖಾನಾವಳಿಯ ಊಟ ಅಗ್ಗವಾಗುವುದು ಹೇಗೆ? ಗುಟ್ಟು ಕೆಲವೇ ಮಾತುಗಳಲ್ಲಿದೆ. ಅಡುಗೆಯ ಬಗೆಗಳು ಕಡಿಮೆ ಇರಬೇಕು. ಒಂದು ಪಲ್ಯ, ಒಂದು ಕಾಳು, ಒಂದು ಸಾರು, ಚಟ್ನಿಪುಡಿ, ಉಳ್ಳಾಗಡ್ಡಿ, ಮಜ್ಜಿಗೆ. ಅಡಿಗೆಗೆ ಹಾಕಿದ್ದು ಎರಡು ತಾಸಿನಲ್ಲಿ ಖರ್ಚಾಗಬೇಕು. ಉಳಿದು ಹಳಸಿದ್ದರ ಬೆಲೆ ಮರುದಿನ ಉಣ್ಣುವವನ ತಲೆಗೆ ಬರುತ್ತದೆ. ಒಂದೇ ಕುರ್ಚಿಯ ಮೇಲೆ ಹೊತ್ತು ಇಳಿಯುವುದರೊಳಗೆ ಹತ್ತು ಜನ ಕುಳಿತು ಏಳಬೇಕು. ಬೇಳೆ ಹತ್ತಿರದ ಹೊಲದ್ದಾಗಿರಬೇಕು. ಬೀದರ, ಕಲಬುರಗಿಗಳು ತೊಗರಿ, ಹೆಸರು, ಉದ್ದು, ಕಡಲೆಗಳ ಸೀಮೆಯಾದುದರಿಂದ ನಮಗೆ ಆ ಭಾಗ್ಯವಿದೆ. ಉರುವಲು ಮಾತ್ರ ಹಿಡಿತಕ್ಕೆ ಸಿಗುವುದಿಲ್ಲ. ಮನೆಯ ಹದಿನಾಲ್ಕು ಕಿಲೋ ಸಿಲಿಂಡರನ್ನು ಅಂಗಡಿಯಲ್ಲಿ ಉರಿಸುವಂತಿಲ್ಲ. ಹತ್ತೊಂಬತ್ತು ಕಿಲೋ ತೂಕದ ವ್ಯಾಪಾರೀ ಸಿಲಿಂಡರನ್ನೇ ಕೊಳ್ಳಬೇಕು, ಅದರ ಬೆಲೆ ತಿಂಗಳಿಗೊಮ್ಮೆ ಏರಿಳಿಯುತ್ತದೆ. ಬಾಡಿಗೆ, ಉರುವಲು ಏರಿದಾಗ ಖಾನಾವಳಿಯವನಿಗೆ ಎರಡೇ ದಾರಿ: ದರದ ಹಲಗೆಯ ಮೇಲಿನ ಅಂಕಿಯನ್ನು ಅಳಿಸಿ ಬರೆಯುವುದು, ಇಲ್ಲವೆ ಪಲ್ಯದ ಬಟ್ಟಲನ್ನು ಕಿರಿದು ಮಾಡುವುದು. ನಿತ್ಯ ಬರುವವರು ಎರಡನೆಯದನ್ನು ಬೇಗ ಕಂಡುಹಿಡಿಯುತ್ತಾರೆ.

ಇಲ್ಲಿ ಒಂದು ವಿಚಿತ್ರವನ್ನು ನೀವು ಗಮನಿಸಿರಬಹುದು. ಜೋಳದ ರೊಟ್ಟಿ ನಮ್ಮ ಭಾಗದ ಬಡವನ ಅನ್ನ. ಅಕ್ಕಿ ಹಬ್ಬಕ್ಕೆ, ಬೀಗರು ಬಂದಾಗ. ಇಂದಿನ ಪೇಟೆಯಲ್ಲಿ ಇದು ತಲೆಕೆಳಗಾಗಿದೆ. ಅನ್ನ ಸಾರಿನ ತಟ್ಟೆ ಕಡಿಮೆ ಬೆಲೆಗೆ ಸಿಕ್ಕುತ್ತದೆ, ರೊಟ್ಟಿ ಊಟಕ್ಕೆ ಹೆಚ್ಚು ತೆರಬೇಕು. ಕಾರಣ ಕಷ್ಟದ್ದಲ್ಲ. ಒಂದು ದೊಡ್ಡ ಹಂಡೆಯಲ್ಲಿ ಒಬ್ಬನೇ ಅಡಿಗೆಯವನು ನೂರು ಜನರ ಅನ್ನ ಬೇಯಿಸಬಲ್ಲ. ರೊಟ್ಟಿಯೋ, ಒಂದೊಂದನ್ನೂ ಒಬ್ಬ ಹೆಣ್ಣುಮಗಳ ಅಂಗೈ ಬಡಿಯಬೇಕು, ತಿರುವಬೇಕು, ಒಲೆಯ ಝಳವನ್ನು ಮುಖಕ್ಕೆ ತೆಗೆದುಕೊಳ್ಳಬೇಕು. ಮನೆಯಲ್ಲಿ ಆ ಶ್ರಮಕ್ಕೆ ಯಾರೂ ಬೆಲೆ ಕಟ್ಟಲಿಲ್ಲವಾದ್ದರಿಂದ ರೊಟ್ಟಿ ಅಗ್ಗವೆಂದು ನಾವು ತಿಳಿದಿದ್ದೆವು. ಪೇಟೆ ಕೂಲಿ ಕೊಟ್ಟು ಬಡಿಸಿದಾಗ ಅದರ ನಿಜವಾದ ಬೆಲೆ ಹೊರಬಿತ್ತು. ಇದರ ಜೊತೆಗೆ ಜೋಳ ಬಿತ್ತುವ ಹೊಲಗಳೂ ಕಡಿಮೆಯಾಗಿ ಸೋಯಾ, ತೊಗರಿ, ಕಬ್ಬುಗಳು ಹರಡಿದವು. 2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ಮನೆಮನೆಯಲ್ಲಿ ಅಕ್ಕಿಯ ಚೀಲ ಕುಳಿತಿತು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದಾಗ ದೂರದ ನಗರಗಳ ದೊಡ್ಡ ಹೋಟೆಲುಗಳಲ್ಲಿ ಜೋಳದ ರೊಟ್ಟಿಗೆ ಮರ್ಯಾದೆ ಬಂತು. ಹುಮನಾಬಾದದ ಹಮಾಲನ ತಟ್ಟೆಯಲ್ಲಿ ಅದು ತೆಳ್ಳಗಾಗುತ್ತ ಹೋಯಿತು. ಅಂಗಡಿಯಲ್ಲಿ ರೊಟ್ಟಿ ದುಬಾರಿಯೆಂದು ಗೊಣಗುವ ಮೊದಲು ಒಳಗಿನ ಒಲೆಯ ಮುಂದೆ ಕುಳಿತವಳಿಗೆ ಎಷ್ಟು ಸಲ್ಲುತ್ತದೆ ಎಂದು ಕೇಳಿಕೊಳ್ಳುವುದು ಲೇಸು.

ಸರಕಾರವೂ ಈ ವಿಷಯದಲ್ಲಿ ಕಣ್ಣು ಮುಚ್ಚಿ ಕುಳಿತಿಲ್ಲ. ಶಾಲೆಯ ಮಕ್ಕಳಿಗೆ ಬೇಯಿಸಿದ ಅನ್ನ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2001ರ ನವೆಂಬರಿನಲ್ಲಿ ಆದೇಶಿಸಿತು. ಕರ್ನಾಟಕದಲ್ಲಿ ಆ ಕೆಲಸ 2002ರ ಜೂನ್ ತಿಂಗಳಲ್ಲಿ ಮೊದಲಾದದ್ದು ಬೀದರವೂ ಸೇರಿದ ಏಳು ಜಿಲ್ಲೆಗಳಲ್ಲಿ. ಅದಕ್ಕೆ ಇಟ್ಟ ಹೆಸರು ‘ಅಕ್ಷರ ದಾಸೋಹ’. ಕಲ್ಯಾಣದ ಶಬ್ದ ಎಂಟು ನೂರು ವರ್ಷಗಳ ಮೇಲೆ ಕಲ್ಯಾಣದ ಮಕ್ಕಳ ತಟ್ಟೆಗೆ ಮರಳಿತು. 2017ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಇಂದಿರಾ ಕ್ಯಾಂಟೀನುಗಳು ತೆರೆದವು: ಐದು ರೂಪಾಯಿಗೆ ಬೆಳಗಿನ ತಿಂಡಿ, ಹತ್ತು ರೂಪಾಯಿಗೆ ಊಟ. ಮುಂದೆ ಆ ಯೋಜನೆ ರಾಜ್ಯದ ಇತರ ಊರುಗಳಿಗೂ ಹಬ್ಬಿತು. ಚೆನ್ನೈ 2013ರಲ್ಲಿಯೇ ಇಂಥ ಊಟದ ಮನೆಗಳನ್ನು ತೆರೆದಿತ್ತು. ನಮ್ಮ ಎರಡು ಮಗ್ಗುಲಿನ ರಾಜ್ಯಗಳೂ ಹಿಂದೆ ಬಿದ್ದಿಲ್ಲ. ಮಹಾರಾಷ್ಟ್ರ 1995ರಲ್ಲಿ ಒಂದು ರೂಪಾಯಿಗೆ ಝುಣಕ ಭಾಕರಿ ಕೊಟ್ಟಿತು, 2020ರಲ್ಲಿ ಹತ್ತು ರೂಪಾಯಿಯ ಶಿವಭೋಜನ ಥಾಲಿ ತಂದಿತು. ಹೈದರಾಬಾದಿನಲ್ಲಿ 2014ರಿಂದ ಐದು ರೂಪಾಯಿಯ ಊಟ ಮೊದಲಾಯಿತು. ಇವೆಲ್ಲವುಗಳಿಂದ ಕಲಿತ ಪಾಠ ಒಂದು: ಬೆಲೆ ಕಡಿಮೆ ಮಾಡುವುದು ಮೊದಲ ದಿನದ ಕೆಲಸ, ರುಚಿ, ಶುಚಿ, ಹೊತ್ತಿಗೆ ಸರಿಯಾದ ಬಡಿಸುವಿಕೆ ಪ್ರತಿದಿನದ ಕೆಲಸ. ಅಡಿಗೆಯವರಿಗೆ ಹಣ ತಡವಾಗಿ ಮುಟ್ಟಿದರೆ ಸಾರು ನೀರಾಗುತ್ತದೆ. ಮೊದಲ ದಿನ ಹೂವಿನ ಹಾರ ಕಂಡ ಊಟದ ಮನೆಗಳು ಮುಂದೆ ಬೀಗ ಕಂಡ ಉದಾಹರಣೆಗಳೂ ಉಂಟು.

ಈವರೆಗೆ ಹೇಳಿದ್ದೆಲ್ಲ ಬಹುಮಟ್ಟಿಗೆ ಗಂಡಸರ ಊಟದ ಸುದ್ದಿ. ಖಾನಾವಳಿಯ ಮೇಜುಗಳನ್ನು ಒಮ್ಮೆ ಎಣಿಸಿ ನೋಡಿದರೆ ಇದು ತಿಳಿಯುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನ ಪ್ರಯಾಣ ಉಚಿತವಾಯಿತು. ಬ್ಯಾಂಕಿಗೆ, ಆಸ್ಪತ್ರೆಗೆ, ಮಗಳ ಕಾಲೇಜಿಗೆ ಅವರು ತಾವೇ ಬಂದು ಹೋಗುವಂತಾಯಿತು. ಬಸ್ಸಿನ ಬಾಗಿಲು ತೆರೆಯಿತು. ಊಟದ ಮನೆಯ ಬಾಗಿಲು ಅಷ್ಟು ತೆರೆದಿಲ್ಲ. ಹಳ್ಳಿಯ ಹೆಣ್ಣುಮಗಳು ಒಬ್ಬಳೇ ಖಾನಾವಳಿ ಹೊಕ್ಕು, ಅಪರಿಚಿತ ಗಂಡಸರ ಎದುರಿಗೆ ಕುಳಿತು ಉಣ್ಣಲು ಇಂದಿಗೂ ಅಳುಕುತ್ತಾಳೆ. ‘ಫ್ಯಾಮಿಲಿ ರೂಮ್’ ಎಂಬ ಹಲಗೆಯಿರುವ ಕಡೆ ಬೆಲೆಯೂ ಹೆಚ್ಚು. ಆದ್ದರಿಂದ ಅವಳು ಎರಡು ಬಾಳೆಹಣ್ಣು ಕೊಂಡು ಬಸ್ ನಿಲ್ದಾಣದ ಮೂಲೆಯಲ್ಲಿ ತಿನ್ನುತ್ತಾಳೆ, ಇಲ್ಲವೆ ಸಂಜೆ ಮನೆ ಮುಟ್ಟುವವರೆಗೆ ಹಾಗೆಯೇ ಇರುತ್ತಾಳೆ. ನೀರನ್ನೂ ಕುಡಿಯುವುದಿಲ್ಲ, ಕುಡಿದರೆ ಹೋಗಲು ಶೌಚಾಲಯವೆಲ್ಲಿ? ಬೆಳಗಿನಿಂದ ಸಂಜೆಯವರೆಗೆ ಆಸ್ಪತ್ರೆಯಲ್ಲಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕುಳಿತ ತಾಯಿಯ ಹಸಿವೆಗೆ ಬೆಲೆಯ ಹಲಗೆಯಲ್ಲಿ ಉತ್ತರವಿಲ್ಲ.

ಇದಕ್ಕೆ ನಾನು ಕಂಡ ಉಪಾಯ ಬಹಳ ಸಾದಾ. ನಮ್ಮ ಜನರ ಅತ್ಯಂತ ಅಗ್ಗದ ಊಟ ಇಂದಿಗೂ ಬುತ್ತಿಯೇ. ಕಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಶೇಂಗಾ ಹಿಂಡಿ, ಪುಂಡಿಪಲ್ಯ, ಒಂದು ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಇದ್ದರೆ ಅದು ಪೂರ್ಣ ಊಟ. ಎಳ್ಳಮಾವಾಸ್ಯೆಯಂದು ಸಜ್ಜೆ ರೊಟ್ಟಿ ಭಜ್ಜಿಗಳನ್ನು ಕಟ್ಟಿಕೊಂಡು ಹೊಲಕ್ಕೆ ಹೋಗಿ ಹತ್ತು ಜನರನ್ನು ಕರೆದು ಉಣ್ಣುವ ಸೀಮೆ ಇದು. ಬುತ್ತಿ ಬಿಚ್ಚುವುದು ನಮಗೆ ನಾಚಿಕೆಯ ಕೆಲಸವಲ್ಲ. ಹೊಲದಲ್ಲಿ ಮರವಿದೆ, ಬಾವಿಯಿದೆ. ಪೇಟೆಯಲ್ಲಿ ಬುತ್ತಿ ಬಿಚ್ಚಲು ಜಾಗವೇ ಇಲ್ಲ. ಕಚೇರಿಯ ಮೆಟ್ಟಿಲ ಮೇಲೆ ಕುಳಿತರೆ ಜವಾನ ಎಬ್ಬಿಸುತ್ತಾನೆ. ಹೋಟೆಲಿನಲ್ಲಿ ಹೊರಗಿನ ತಿನಿಸು ತರಬಾರದೆಂಬ ಹಲಗೆ. ಹೀಗಾಗಿ ಚೀಲದಲ್ಲಿ ರೊಟ್ಟಿ ಇದ್ದವನೂ ಹಸಿದಿರುತ್ತಾನೆ, ಇಲ್ಲವೆ ಕುಳಿತುಕೊಳ್ಳುವ ಜಾಗಕ್ಕಾಗಿ ಒಂದು ಚಹಾ ಕೊಳ್ಳುತ್ತಾನೆ.

ತಾಲ್ಲೂಕು ಕಚೇರಿಯ ಅಂಗಳದಲ್ಲಿ, ಆಸ್ಪತ್ರೆಯಲ್ಲಿ, ಕೃಷಿ ಮಾರುಕಟ್ಟೆಯಲ್ಲಿ ಒಂದೊಂದು ಊಟದ ಕಟ್ಟೆ ಇರಲಿ. ಮೇಲೆ ತಗಡಿನ ನೆರಳು, ಕೆಳಗೆ ನಾಲ್ಕು ಕಲ್ಲುಚಪ್ಪಡಿ, ಕುಡಿಯುವ ನೀರಿನ ನಲ್ಲಿ, ಕೈ ತೊಳೆಯುವ ಮೂಲೆ, ಮಗ್ಗುಲಲ್ಲಿ ಹೆಣ್ಣುಮಕ್ಕಳಿಗೆ ಬಾಗಿಲಿಗೆ ಚಿಲಕವಿರುವ ಶೌಚಾಲಯ. ಒಂದು ಸ್ವಾಗತ ಕಮಾನಿಗೆ ತಗಲುವ ಹಣ ಇದಕ್ಕೆ ತಗಲುವುದಿಲ್ಲ. ಕಟ್ಟೆಯ ಬಳಿಯೇ ರೊಟ್ಟಿ, ಮಜ್ಜಿಗೆ ಮಾರುವ ನಾಲ್ಕು ಜನ ಹೆಣ್ಣುಮಕ್ಕಳಿಗೆ ಕುಳಿತುಕೊಳ್ಳಲು ಅನುಮತಿ ಕೊಟ್ಟರೆ ಬುತ್ತಿ ತಾರದವರಿಗೂ ಊಟವಾಯಿತು. ಬೀದಿ ವ್ಯಾಪಾರಿಗಳ ಜೀವನೋಪಾಯವನ್ನು ರಕ್ಷಿಸಲು 2014ರಲ್ಲಿ ಸಂಸತ್ತು ಕಾಯಿದೆಯನ್ನೇ ಮಾಡಿದೆ. ವ್ಯಾಪಾರದ ಸ್ಥಳಗಳನ್ನು ಗುರುತಿಸುವ ಸಮಿತಿಗಳು ಊರೂರಿನಲ್ಲಿ ಇರಬೇಕೆಂದು ಅದು ಹೇಳುತ್ತದೆ. ಕಾಯಿದೆ ಇದೆ, ಕಲ್ಲು ಇದೆ, ರೊಟ್ಟಿ ಬಡಿಯುವ ಕೈಗಳಿವೆ. ಕೂಡಿಸುವವರು ಬೇಕು.

ಪೇಟೆಗೆ ಹೊಸದಾಗಿ ಬಂದವರಿಗೆ ಎರಡು ಮಾತು. ಹೊಳೆಯುವ ದೀಪದ ಹಲಗೆಯನ್ನು ನೋಡಿ ಊಟದ ಮನೆಯನ್ನು ಆರಿಸಬೇಡಿ; ಹಮಾಲರು, ಲಾರಿಯವರು, ಕೋರ್ಟಿನ ಗುಮಾಸ್ತರು ಎಲ್ಲಿ ಸಾಲುಗಟ್ಟಿದ್ದಾರೆ ನೋಡಿ. ದಿನವೂ ಅಲ್ಲಿ ಉಣ್ಣುವವನು ನಿಮಗಿಂತ ಕಟ್ಟುನಿಟ್ಟಿನ ಪರೀಕ್ಷಕ. ಹನ್ನೆರಡೂವರೆಯ ಸುಮಾರಿಗೆ ಹೋಗಿ. ಮೊದಲ ಹಂಡೆಯ ಅಡುಗೆ ಬಿಸಿಯಾಗಿರುತ್ತದೆ. ಕುಳಿತುಕೊಳ್ಳುವ ಮೊದಲು ಬೆಲೆ ಕೇಳಿ, ರೊಟ್ಟಿಗೆ ಬೇರೆಯೋ ಊಟದಲ್ಲಿ ಸೇರಿದೆಯೋ ಕೇಳಿ. ಹಾಗೆ ಕೇಳುವುದು ಸಣ್ಣತನವಲ್ಲ. ಉಂಡಾದ ಮೇಲೆ ಬೇಗ ಏಳಿ, ನಿಮ್ಮ ಹಿಂದೆ ಇನ್ನೊಬ್ಬ ಹಸಿದವನು ನಿಂತಿದ್ದಾನೆ.

ಬಸವಕಲ್ಯಾಣದಲ್ಲಿ ಹೊಸ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಅಡಿಗಲ್ಲು ಬಿತ್ತು. ಭವ್ಯವಾದ ಕಟ್ಟಡಗಳು ಊರಿಗೆ ಶೋಭೆ. ಅವನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ, ಬರಲಿ. ಬಂದವರು ಮಧ್ಯಾಹ್ನ ಪೇಟೆಗೆ ಇಳಿದಾಗ ಊರಿನವರು ಅವರನ್ನು ಏನು ಕೇಳುತ್ತಾರೆಂಬುದು ನಮಗೆ ಗೊತ್ತೇ ಇದೆ. ‘ಊಟ ಆಯಿತೇನ್ರಿ?’ ಎಂದು ಕೇಳುವ ನಾಲಗೆ ನಮ್ಮದಾದ ಮೇಲೆ, ಇಲ್ಲವೆಂದವನಿಗೆ ತೋರಿಸಲು ಹತ್ತಿರದಲ್ಲಿ ಒಂದು ನೆರಳು, ಒಂದು ತಂಬಿಗೆ ನೀರು, ಅವನ ಜೇಬಿಗೆ ಒಪ್ಪುವ ಎರಡು ರೊಟ್ಟಿ ಇರಬೇಕು. ಪುರಸಭೆ ನಗರಸಭೆಗಳ ಸದಸ್ಯರು ಈ ಮಾತನ್ನು ಕೇಳುತ್ತಿದ್ದರೆ, ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಇದಕ್ಕೊಂದು ಸಾಲು ಕೊಡಲಿ ಎಂದು ಬೇಡಿಕೊಂಡು ನಿಮ್ಮಿಂದ ಬೀಳ್ಕೊಳ್ಳುತ್ತೇನೆ.